ತೆಗೆಯೋದು ಎಷ್ಟು ಹೊತ್ತಿಗೆ?

ನನ್ನ ಷಡ್ಡಕನಿಗೆ ಯಾವುದೇ ವಸ್ತು ಇರುವ ಹಾಗೇ ಇದ್ದುಬಿಟ್ಟರೆ ನಿದ್ದೆ ಬರುವುದಿಲ್ಲ. ಕೆಟಲಿಗೆ ಒಂದೇ ಮೂತಿ ಇರುವುದನ್ನು ಕಂಡು ಮರುಗಿ, ಎದುರು ಕೂತವರಿಗೂ ಒಟ್ಟಿಗೇ ಚಹಾ ಬೀಳಲಿ ಎಂದು ಇನ್ನೊಂದು ಮೂತಿ ಬೆಸೆದ. ಚಹಾ ಒಟ್ಟಿಗೇ ಬಿತ್ತು. ಒಂದು ಕಡೆಯದು ಲೋಟಕ್ಕೆ, ಇನ್ನೊಂದು ಕಡೆಯದು ನನ್ನ ತೊಡೆಗೆ. ಗಡಿಯಾರ ಕನ್ನಡಿಯಲ್ಲಿ ಸರಿಯಾಗಿ ಕಾಣಲಿ ಎಂದು ಅದನ್ನು ಹಿಂದುಮುಂದಾಗಿ ಓಡಿಸಿದ. ತಲೆ ಬಾಚುತ್ತಲೇ ಟೈಮ್ ನೋಡಬಹುದಂತೆ. ಬಾಚಲು ಕೂದಲೇ ಇಲ್ಲದ ನಾನು ಅದನ್ನು ನೇರವಾಗಿ ನೋಡಿ ರೈಲು ತಪ್ಪಿಸಿಕೊಂಡೆ. ಕೂತರೆ ತಲೆಯ ಮೇಲೆ ಫ್ಯಾನು ತಿರುಗುವ, ಎದ್ದರೆ ನಿಲ್ಲುವ ಒಂದು ಕುರ್ಚಿ ಮಾತ್ರ ಪರವಾಗಿಲ್ಲ. ಆದರೆ ಅದರಲ್ಲಿ ಕೂತವರು ಏಳುವುದೇ ಇಲ್ಲ, ಗೊರಕೆ ಹೊಡೆಯುತ್ತಾರೆ.

ಇವನ ನಿಜವಾದ ಹೆಸರು ಮನೆಯವರಿಗೆಲ್ಲ ಮರೆತೇಹೋಗಿದೆ. ಐಡಿಯಾ ಎಂದು ಕರೆದರೆ ಓಗೊಡುತ್ತಾನೆ. ಕಸುಬು ಲಿಫ್ಟ್ ರಿಪೇರಿ. ನನ್ನ ಹೆಂಡತಿಯ ತಂಗಿಯನ್ನು ಮದುವೆಯಾಗಿ ಮಾವನ ಮನೆಯಲ್ಲೇ ಇದ್ದಾನೆ. ಒಳ್ಳೆಯವನು. ಇಷ್ಟು ಒಳ್ಳೆಯವನು ಇಷ್ಟು ಅನಾಹುತ ಹೇಗೆ ಮಾಡುತ್ತಾನೆ ಎನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅವನಿಗೆ ಒಂದೇ ಒಂದು ಕೊರಗು. ಮಾವನ ಮನೆಯ ಹಜಾರದ ಗೋಡೆಯ ತುಂಬ ಫೋಟೋಗಳಿವೆ. ಹೆಚ್ಚುಕಡಿಮೆ ಎಲ್ಲದರಲ್ಲೂ ನಾನಿದ್ದೇನೆ, ಅದೂ ನಡುಮಧ್ಯೆ. ಐಡಿಯಾ ಒಂದರಲ್ಲೂ ಇಲ್ಲ. ಯಾಕೆಂದರೆ ಪ್ರತಿ ಸಲವೂ ಮಾವ, "ಅಳಿಯ, ನಿನ್ನ ಕೈ ನಡುಗಲ್ಲ, ನೀನೇ ತೆಗಿ" ಎಂದು ಕ್ಯಾಮೆರಾವನ್ನು ಅವನ ಕೈಗೇ ಕೊಡುತ್ತಿದ್ದರು. ಮದುವೆಯ ದಿನ ಫೋಟೋದವನ ಕ್ಯಾಮೆರಾ ಕೆಟ್ಟಾಗ ಮದುಮಗನೇ ಎದ್ದು ಹೋಗಿ ರಿಪೇರಿ ಮಾಡಿದ. ರಿಪೇರಿಯಾಯಿತೋ ಇಲ್ಲವೋ ನೋಡಲು ಅವನೇ ಕ್ಲಿಕ್ಕಿಸಿದ. ಆ ಫೋಟೋದಲ್ಲಿ ನನ್ನ ನಾದಿನಿ ಒಬ್ಬಳೇ ಖಾಲಿ ಕುರ್ಚಿಯ ಪಕ್ಕ ನಾಚಿಕೊಂಡು ನಿಂತಿದ್ದಾಳೆ. ಇಡೀ ಗೋಡೆಯಲ್ಲಿ ಅವನದು ಅಂತ ಇರುವುದು ಒಂದು ಹೆಬ್ಬೆರಳು. ಮೂಲೆಯೊಂದರಲ್ಲಿ, ಅದೂ ಮಸುಕಾಗಿ.

"ಭಾವ, ನಾನು ಸತ್ತರೆ ನನ್ನ ಮಕ್ಕಳು ಆ ಬೆರಳು ತೋರಿಸಿ ಇವರೇ ನಮ್ಮಪ್ಪ ಅನ್ಬೇಕಾ?" ಎಂದು ಒಮ್ಮೆ ನನ್ನ ಬಣ್ಣದ ಅಂಗಡಿಗೆ ಬಂದು ಕೇಳಿದ. ನನಗೆ ನಗು ಬಂತು. ಅವನು ನಗಲಿಲ್ಲ. ಆಗ ನನಗೂ ಪಾಪ ಅನ್ನಿಸಿತು.

ಹಾಗಾಗಿ ಮಾವನಿಗೆ ಎಪ್ಪತ್ತೈದು ತುಂಬುವ ಭಾನುವಾರ ಇಡೀ ಕುಟುಂಬದ ಫೋಟೋ ಆಗಬೇಕು ಎಂದು ತೀರ್ಮಾನವಾದಾಗ ಐಡಿಯಾ ಎದೆ ತಟ್ಟಿಕೊಂಡು ಹೇಳಿದ. "ಮಾವ, ಈ ಸಲ ಯಾರೂ ತೆಗೀಬೇಕಾಗಿಲ್ಲ. ಅದೇ ಹಾರುತ್ತೆ, ಅದೇ ತೆಗಿಯುತ್ತೆ. ನಾನೂ ನಿಮ್ಮ ಪಕ್ಕ ನಿಂತ್ಕೋತೀನಿ."

ಅದು ಎಂದರೆ ಒಂದು ಛತ್ರಿ. ಕಡ್ಡಿಗಳ ತುದಿಗೆ ನಾಲ್ಕು ಪುಟ್ಟ ಫ್ಯಾನು, ಹಿಡಿಯ ತುದಿಗೆ ಕ್ಯಾಮೆರಾ, ಅದರ ಪಕ್ಕ ಒಂದು ಅಲಾರಂ ಗಡಿಯಾರ. ಬೆಲ್ ಹೊಡೆದ ತಕ್ಷಣ ಫ್ಯಾನು ತಿರುಗಿ ಛತ್ರಿ ಮೇಲೇಳುತ್ತದೆ, ಕ್ಯಾಮೆರಾ ಕ್ಲಿಕ್ ಅನ್ನುತ್ತದೆ. ಮೊದಲನೆಯ ಪರೀಕ್ಷೆಯಲ್ಲಿ ಅದು ಎದುರುಮನೆಯ ಹಲ್ಲಿನ ಡಾಕ್ಟರ ಒಗೆದು ಹಾಕಿದ್ದ ಪೈಜಾಮವನ್ನು ಹೊತ್ತುಕೊಂಡು ಬೀದಿಯ ಕೊನೆಯವರೆಗೆ ಹೋಗಿಬಂತು. ಡಾಕ್ಟರು ಅಂದಿನಿಂದ ಇವನ ಜೊತೆ ಮಾತು ಬಿಟ್ಟರು. ಇವನು ಮಾತ್ರ ಭಾರ ಹೊರುವ ಶಕ್ತಿ ಚೆನ್ನಾಗಿದೆ ಎಂದು ಖುಷಿಪಟ್ಟ.

ಮಾವ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವರು. ನಾಲ್ಕು ಗಂಟೆ ಎಂದರೆ ನಾಲ್ಕು ಗಂಟೆ. "ಎಲ್ಲರೂ ಬರಬೇಕು. ಎಲ್ಲರೂ ಅಂದ್ರೆ ಎಲ್ಲರೂ" ಎಂದು ಫೋನು ಮಾಡಿಸಿದರು. ಹಾಗೆ ಹೇಳುವಾಗೆಲ್ಲ ಕಿಟಕಿಯಾಚೆ ನೋಡುತ್ತಿದ್ದರು. ಬೀದಿ ದಾಟಿದರೆ ಅವರ ತಮ್ಮನ ಮನೆ. ಅಣ್ಣತಮ್ಮಂದಿರು ಮಾತಾಡಿ ವರ್ಷಗಳಾಗಿದ್ದವು. ಕಾರಣ ಒಂದು ಏಣಿ. ಮನೆಗೆ ಸುಣ್ಣ ಬಳಿಯಲು ಚಿಕ್ಕಮಾವ ಒಯ್ದ ಏಣಿಯನ್ನು ವಾಪಸ್ ಕೇಳಿದಾಗ, ಅದು ಅಪ್ಪನ ಏಣಿ, ನನಗೂ ಪಾಲಿದೆ ಅಂದುಬಿಟ್ಟರು. ಅವತ್ತಿನಿಂದ ಏಣಿ ಅಲ್ಲೇ, ಮಾತು ಇಲ್ಲ. ಅವರಿಗೆ ಫೋನು ಮಾಡುವ ಧೈರ್ಯ ಯಾರಿಗೂ ಬರಲಿಲ್ಲ.

ಭಾನುವಾರ ಬೆಳಗ್ಗೆಯಿಂದಲೇ ಫೋನುಗಳು ಶುರುವಾದವು. ಒಬ್ಬರಿಗೆ ಮೊಣಕಾಲು ನೋವು. ಒಬ್ಬರಿಗೆ ಮಗಳ ಪರೀಕ್ಷೆ. ಒಬ್ಬರ ಮನೆಗೆ ನೀರು ಬಂದಿಲ್ಲವಂತೆ, ಅದಕ್ಕೂ ಫೋಟೋಗೂ ಏನು ಸಂಬಂಧವೋ ಆ ಮಹಾನುಭಾವರೇ ಹೇಳಬೇಕು. ಹನ್ನೆರಡು ಗಂಟೆಯ ಹೊತ್ತಿಗೆ ಬರುವವರು ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ. ಮಾವ ಊಟ ಮುಗಿಸಿ, "ಮಹಡಿ ಮೇಲೆ ಛತ್ರಿ ನೋಡ್ಕೊಂಡು ಬರ್ತೀನಿ" ಎಂದು ಮೆಟ್ಟಿಲು ಹತ್ತಿಬಿಟ್ಟರು.

ಮಹಡಿಯ ಕಬ್ಬಿಣದ ಬಾಗಿಲಿಗೂ ಐಡಿಯಾನ ಕೈ ಬಿದ್ದಿತ್ತು. ಬೆಕ್ಕು ಒಳಗೆ ಬರಬಾರದೆಂದು ಅದು ತಾನೇ ಮುಚ್ಚಿಕೊಳ್ಳುವಂತೆ ಸ್ಪ್ರಿಂಗ್ ಹಾಕಿ, ಹೊರಗಿನ ಹಿಡಿ ಕಿತ್ತು, ಒಳಗೆ ಕಾಲಿನಿಂದ ಒತ್ತುವ ಪೆಡಲ್ ಇಟ್ಟಿದ್ದ. ಬಾಗಿಲು ಮಾವನ ಹಿಂದೆ ಧಡಾರನೆ ಮುಚ್ಚಿತು. ನಾವು ಒಳಗಿನಿಂದ ಪೆಡಲ್ ಒತ್ತಿದರೆ ಪೆಡಲ್ಲೇ ಕಳಚಿ ಬಂತು. ಬೆಕ್ಕು ಮೆಟ್ಟಿಲ ಮೇಲೆ ಕೂತು ಮೈ ನೆಕ್ಕಿಕೊಳ್ಳುತ್ತಿತ್ತು.

"ಅರ್ಧ ಗಂಟೆ ಕೆಲಸ, ಭಾವ" ಎಂದು ಐಡಿಯಾ ಸ್ಪ್ಯಾನರ್ ಹಿಡಿದು ಕೂತ. ನಾನು ಟಾರ್ಚ್ ಹಿಡಿದೆ. ಆಚೆಯಿಂದ ಮಾವ ಒಂದೆರಡು ಸಲ ಬೈದು, ಆಮೇಲೆ ಅಲ್ಲೇ ಮಹಡಿಯಲ್ಲಿಟ್ಟಿದ್ದ ಫ್ಯಾನಿನ ಕುರ್ಚಿಯಲ್ಲಿ ಕೂತರು ಅಂತ ಕಾಣುತ್ತದೆ. ಗರ್ರ್ ಎಂದು ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಫ್ಯಾನಿನದು ಯಾವುದು, ಗೊರಕೆ ಯಾವುದು ತಿಳಿಯದ ಹಾಗಾಯಿತು.

ನಾವಿಬ್ಬರೂ ಹೀಗೆ ಮೇಲೆ ಒದ್ದಾಡುತ್ತಿದ್ದಾಗ ಕೆಳಗೆ ಫೋನು ಬಂತು. ಮಾಡಿದವರು ಮಾವನ ತಂಗಿ. ಅವರನ್ನು ನಾವು ರೇಡಿಯೋ ಅತ್ತೆ ಎನ್ನುತ್ತೇವೆ, ಅವರ ಕಿವಿಗೆ ಬಿದ್ದದ್ದು ಊರಿಗೆಲ್ಲ ಬಿತ್ತರವಾಗುತ್ತದೆ. ಫೋನು ಎತ್ತಿದ್ದು ನಮ್ಮ ಅತ್ತೆ. ಗಂಡ ಬಿಸಿಲಲ್ಲಿ ಸಿಕ್ಕಿಬಿದ್ದಿದ್ದಾರೆಂದು ಅವರು ಆಗಲೇ ಅಳುತ್ತಿದ್ದರು. ಅಲ್ಲಿ ನಡೆದದ್ದನ್ನು ನನ್ನ ನಾದಿನಿ ಆಮೇಲೆ ಅಭಿನಯ ಸಮೇತ ಹೇಳಿದಳು.

"ಅತ್ತಿಗೆ, ಬರೋಕಾಗಲ್ಲ ಅಂತ ಹೇಳೋಣ ಅಂತ ಮಾಡಿದೆ. ಅಣ್ಣ ಎಲ್ಲಿ?"

"ನಿಮ್ಮಣ್ಣ ಮೇಲೆ ಹೋಗ್ಬಿಟ್ರು ಕಣೇ."

"ಆಂ? ಯಾವಾಗ?"

"ಈಗ ತಾನೇ. ಊಟ ಮಾಡಿದ್ರು, ಹೋದ್ರು. ಬೇಡ ಬೇಡ ಅಂದೆ, ನನ್ನ ಮಾತು ಯಾವತ್ತು ಕೇಳಿದ್ರು?"

"ಅಯ್ಯೋ ನನ್ನಣ್ಣಾ! ಹೇಗಾಯ್ತು ಅತ್ತಿಗೆ?"

"ಹೇಗಾಯ್ತು ಅಂತ ಏನು ಹೇಳ್ಲಿ. ಎಲ್ಲಾ ಅಳಿಯ ಮಾಡಿದ್ದು. ಮಾಡಿಟ್ಟಿದ್ದ, ಇವರು ಹೋಗಿ ಸಿಕ್ಕೊಂಡ್ರು."

ಆ ಕಡೆ ಮೂಗು ಸೀಟಿದ ಸದ್ದಾಯಿತಂತೆ. ಆಮೇಲೆ ಸಣ್ಣ ದನಿಯಲ್ಲಿ, "ತೆಗೆಯೋದು ಎಷ್ಟು ಹೊತ್ತಿಗೆ?"

"ನಾಲ್ಕು ಗಂಟೆಗೆ. ಅದು ಅವರದೇ ಆಸೆ. ಕತ್ತಲಾಗೋದ್ರೊಳಗೆ ತೆಗೀಬೇಕಂತೆ. ನೀವೆಲ್ಲ ಬರದಿದ್ರೆ ತೆಗೆದೂ ಏನು ಪ್ರಯೋಜನ ಹೇಳು."

"ಬರ್ತೀವಿ ಅತ್ತಿಗೆ, ಎಲ್ಲರೂ ಬರ್ತೀವಿ, ಈಗಲೇ ಹೊರಟ್ವಿ!"

"ಒಳ್ಳೆ ಬಟ್ಟೆ ಹಾಕ್ಕೊಂಡು ಬನ್ನಿ. ಸ್ವಲ್ಪ ಪೌಡರ್ ಗೀಡರ್ ಹಚ್ಕೊಳ್ಳಿ. ಗಂಟುಮುಖ ಹಾಕ್ಕೊಂಡು ನಿಂತ್ರೆ ಚೆನ್ನಾಗಿರಲ್ಲ."

ಪಾಪ, ಅತ್ತಿಗೆಗೆ ದುಃಖದಿಂದ ತಲೆಯೇ ಕೆಟ್ಟಿದೆ ಎಂದು ರೇಡಿಯೋ ಅತ್ತೆ ಆ ಸುದ್ದಿಯನ್ನೂ ಸೇರಿಸಿ ಬಿತ್ತರಿಸಿದರು.

ಬಂದರಪ್ಪ ಜನ! ಮೊಣಕಾಲು ನೋವಿನವರು ಆಟೋದಿಂದ ಧುಮುಕಿ ಓಡಿಬಂದರು. ಪರೀಕ್ಷೆಯಿದ್ದ ಮಗಳೂ ಬಂದಳು. ನೀರು ಬಾರದ ಮನೆಯವರ ಕಣ್ಣಲ್ಲಿ ಧಾರಾಕಾರ ನೀರು. ಬದುಕಿದ್ದ ಮನುಷ್ಯ ಬಾಯಿಬಿಟ್ಟು ಕರೆದರೆ ಸಿಗದ ಬಿಡುವು, ಹೋದ ಅಂದ ತಕ್ಷಣ ಎಲ್ಲರಿಗೂ ಹೇಗೆ ಸಿಕ್ಕಿತೋ! ಅತ್ತೆ ಮಾತ್ರ ಬಾಗಿಲಲ್ಲಿ ನಿಂತು, "ಬಂದ್ರಾ? ಬಂದ್ರಾ? ತುಂಬಾ ಸಂತೋಷ!" ಎಂದು ಎಲ್ಲರ ಕೈ ಹಿಡಿದು ಒಳಗೆ ಕರೆಯುತ್ತಿದ್ದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಳುವಿನ ಸದ್ದು ಮೆಟ್ಟಿಲ ತುದಿಯವರೆಗೂ ಕೇಳಿತು. "ಮಾವನ ಮೇಲೆ ಎಷ್ಟು ಪ್ರೀತಿ ನೋಡಿ ಭಾವ, ಬಾಗಿಲು ಹಾಕ್ಕೊಂಡ್ರೆ ಇಷ್ಟು ಅಳ್ತಾರೆ" ಎಂದ ಐಡಿಯಾ. ನನಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಬೂಟಿನ ಸದ್ದು ಮೇಲೆ ಬಂತು. ಠಾಣೆಯ ಪೇದೆ. ಅಳಿಯ ಮಾಡಿದ್ದು ಎನ್ನುವ ಮಾತು ಬೀದಿ ದಾಟಿ ಹಲ್ಲಿನ ಡಾಕ್ಟರ ಕಿವಿಗೆ ಬಿದ್ದು, ಅವರು ಪೈಜಾಮದ ಸಿಟ್ಟಿನಲ್ಲಿ ಠಾಣೆಗೆ ಫೋನು ಮಾಡಿದ್ದರಂತೆ.

ಪೇದೆ ಸ್ಪ್ಯಾನರನ್ನು ನೋಡಿದ, ಐಡಿಯಾನ ಕೈಯ ಎಣ್ಣೆಮಸಿಯನ್ನು ನೋಡಿದ. "ಮಾವನನ್ನ ತೆಗೆದವನು ನೀನೇನಾ?"

"ಇನ್ನೂ ತೆಗೆದಿಲ್ಲ ಸಾರ್. ನಾಲ್ಕು ಗಂಟೆಗೆ ತೆಗೀತೀನಿ."

ಪೇದೆಯ ಮೀಸೆ ಅಲುಗಿತು. "ಇನ್ನೂ ತೆಗೆದಿಲ್ವಾ?"

"ಮಾವ ಒಬ್ಬರನ್ನೇ ಅಲ್ಲ ಸಾರ್. ಇಡೀ ಕುಟುಂಬವನ್ನ ಸಾಲಾಗಿ ನಿಲ್ಲಿಸಿ ಒಂದೇ ಏಟಿಗೆ ತೆಗೀತೀನಿ. ಎಷ್ಟು ವರ್ಷದ ಆಸೆ ಸಾರ್ ಇದು!"

"ಲೋ, ಸುಮ್ನಿರೋ" ಎಂದು ನಾನು ಅವನ ಅಂಗಿ ಜಗ್ಗಿದೆ. ನನಗೆ ಏನೂ ಅರ್ಥವಾಗಿರಲಿಲ್ಲ, ಆದರೂ ಏನೋ ಎಡವಟ್ಟಾಗುತ್ತಿದೆ ಎನ್ನುವುದು ಗೊತ್ತಾಗುತ್ತಿತ್ತು.

"ಇವರು ಯಾರು?" ಎಂದ ಪೇದೆ.

"ನಮ್ಮ ಭಾವ. ಟಾರ್ಚ್ ಹಿಡಿಯೋರು. ಇವರೂ ಜೊತೆಗಿದಾರೆ ಸಾರ್."

"ನಿನ್ನ ಕಸುಬೇನು?"

"ಜನರನ್ನ ಮೇಲೆ ಕಳಿಸೋದು ಸಾರ್. ದಿನಕ್ಕೆ ನೂರಾರು ಜನ ಹೋಗ್ತಾರೆ. ಇಲ್ಲೀವರೆಗೆ ಒಬ್ಬರೂ ಕಂಪ್ಲೇಂಟ್ ಕೊಟ್ಟಿಲ್ಲ."

ಪೇದೆ ಒಂದು ಮೆಟ್ಟಿಲು ಹಿಂದೆ ಇಳಿದ. ಅಲ್ಲಿ ಬೆಕ್ಕಿತ್ತು. ಬೆಕ್ಕು ಕಿರುಚಿತು, ಪೇದೆಯೂ ಕಿರುಚಿದ, ಇಬ್ಬರೂ ಹಜಾರದವರೆಗೆ ಒಟ್ಟಿಗೇ ಇಳಿದರು. ಅವನನ್ನು ಎತ್ತಲು ನಾವೂ ಓಡಿದೆವು. ನಾವು ಕೆಳಗಿಳಿದ ತಕ್ಷಣ ಐಡಿಯಾನನ್ನು ಕಂಡ ರೇಡಿಯೋ ಅತ್ತೆ, "ಬಂದ ನೋಡ್ರೀ, ಅಣ್ಣನ್ನ ನುಂಗಿದವನು!" ಎಂದು ಬಾಯಿ ಬಡಿದುಕೊಂಡರು. ಐಡಿಯಾ ಕಣ್ಣು ಕಣ್ಣು ಬಿಟ್ಟ. ಜನ ಅವನನ್ನು ಅಂಗಳಕ್ಕೆ ತಳ್ಳಿಕೊಂಡು ಹೋದರು. ಅತ್ತೆ, "ಅಂಗಳದಲ್ಲೇ ನಿಂತ್ಕೊಳ್ಳಿ, ಬೆಳಕು ಚೆನ್ನಾಗಿದೆ" ಎಂದು ಕುರ್ಚಿಗಳನ್ನು ಸಾಲಾಗಿ ಇಡತೊಡಗಿದರು.

ಅದೇ ಹೊತ್ತಿಗೆ ಗೇಟು ಕಿರ್ರೆಂದಿತು. ಎಲ್ಲರೂ ತಿರುಗಿದರು. ಚಿಕ್ಕಮಾವ. ಹೆಗಲ ಮೇಲೆ ಉದ್ದನೆಯ ಏಣಿ.

"ಅದೋ, ಹೆಣ ಹೊರೋಕೆ ತಂದ್ರು" ಎಂದರು ಹಲ್ಲಿನ ಡಾಕ್ಟರು, ತಮ್ಮ ಕಿಟಕಿಯಿಂದ. ಅಳು ಇನ್ನೊಂದು ಸುತ್ತು ಏರಿತು.

ಚಿಕ್ಕಮಾವ ಏಣಿಯನ್ನು ಅಂಗಳದ ನಡುವೆ ಇಳಿಸಿ ಅದರ ಪಕ್ಕದಲ್ಲೇ ಕುಸಿದರು. "ತಗೊಳ್ಳಣ್ಣ ನಿನ್ನ ಏಣಿ. ನಂಗೆ ಬೇಡ. ಈ ಮೂರು ಕಾಸಿನ ಮರಕ್ಕೋಸ್ಕರ ನಿನ್ನ ಮುಖ ನೋಡದೆ ಇದ್ನಲ್ಲೋ. ಒಂದು ಸಲ ಬೈಯೋ ಅಣ್ಣ, ಸಾಕು" ಎಂದು ಚಿಕ್ಕ ಮಗುವಿನ ಹಾಗೆ ಅತ್ತರು. ನಿಜ ಹೇಳುತ್ತೇನೆ, ಏನು ನಡೆಯುತ್ತಿದೆ ಎಂದು ಗೊತ್ತಿಲ್ಲದಿದ್ದರೂ ನನಗೂ ಅಳು ಬಂತು.

"ನಮ್ಮಣ್ಣ ಬಂಗಾರದಂಥ ಮನುಷ್ಯ! ಒಂದು ದಿನ ಸಿಟ್ಟು ಮಾಡ್ಕೊಂಡೋನಲ್ಲ!" ಎಂದು ರೇಡಿಯೋ ಅತ್ತೆ ದನಿಗೂಡಿಸಿದರು.

"ಹೋದ ತಿಂಗಳು ಮುಂಗೋಪಿ ಮುದುಕ ಅಂದಿದ್ಯಲ್ಲೇ!"

ದನಿ ಬಂದದ್ದು ಆಕಾಶದಿಂದ. ಮಹಡಿಯ ಅಂಚಿನ ಮೋಟುಗೋಡೆಯಿಂದ ಒಂದು ಬೋಳುತಲೆ, ಆಮೇಲೆ ಒಂದು ಕೈಗಡಿಯಾರ ಇಣುಕಿತು. ನಿದ್ದೆಯಿಂದೆದ್ದ ಮಾವನ ಮುಖದಲ್ಲಿ ಕುರ್ಚಿಯ ಗೆರೆಗಳು ಹಾಗೇ ಮೂಡಿದ್ದವು. "ನಾಲ್ಕಕ್ಕೆ ಇನ್ನೂ ಐದು ನಿಮಿಷ ಇದೆ. ಎಲ್ಲರೂ ಟೈಮಿಗೆ ಬಂದಿದೀರಲ್ಲೋ! ಯಾಕ್ರೋ ಅಳ್ತಿದೀರಿ, ಯಾರು ಸತ್ತಿದ್ದು?"

ರೇಡಿಯೋ ಅತ್ತೆ ಕೂತ ಕಡೆಯೇ ಮೂರ್ಛೆ ಹೋದರು. ಪೇದೆ ಟೋಪಿ ತೆಗೆದು ಕೈ ಮುಗಿದ. ಮೊಣಕಾಲು ನೋವಿನವರು ಗೇಟು ದಾಟಿ ಅರ್ಧ ಬೀದಿ ಓಡಿದ್ದರು, ಅವರನ್ನು ಹಿಡಿದು ತರಬೇಕಾಯಿತು. ಚಿಕ್ಕಮಾವ ಒಬ್ಬರೇ ಬಾಯಿ ತೆರೆದು ಮೇಲೆ ನೋಡುತ್ತಾ ಕೂತಿದ್ದರು.

ಮಾವನ ಕಣ್ಣು ಏಣಿಯ ಮೇಲೆ ಬಿತ್ತು. "ಲೋ! ಅದು ನನ್ನ ಏಣಿ ಕಣೋ!"

ಎಷ್ಟೋ ವರ್ಷಗಳ ಮೇಲೆ ತಮ್ಮನ ಜೊತೆ ಆಡಿದ ಮೊದಲ ಮಾತು. ಚಿಕ್ಕಮಾವ ಮೂಗು ಒರೆಸಿಕೊಂಡು, "ನಿಂದೇ ಕಣಣ್ಣ, ಬೈಯಿ, ಇನ್ನೂ ಬೈಯಿ" ಎಂದು ನಕ್ಕುಬಿಟ್ಟರು. ಏಣಿಯನ್ನು ಅವರೇ ಎತ್ತಿ ಗೋಡೆಗೆ ಒರಗಿಸಿ, ಕಾಲು ಹಿಡಿದುಕೊಂಡು ನಿಂತರು.

ಮೇಲೆ ಹತ್ತಿದವನು ಐಡಿಯಾ. ಅವನಿಗೆ ಈಗ ನಾಲ್ಕು ಗಂಟೆಯದೇ ಚಿಂತೆ. ಇಷ್ಟು ಜನ ಸೇರಿದ್ದಾರೆ, ಮಾವನನ್ನು ಇಳಿಸಬೇಕು, ಛತ್ರಿ ಹಾರಬೇಕು, ತಾನು ಓಡಿಬಂದು ಸಾಲಿನಲ್ಲಿ ನಿಲ್ಲಬೇಕು. ತುದಿ ಮುಟ್ಟಿ ಮುಖ ಎತ್ತಿದ. "ಮಾವ, ಬೇಗ ಇಳೀರಿ. ಛತ್ರಿ ಅಲ್ಲೇ ಇರಲಿ, ಬೆಲ್ ಹೊಡೀತಿದ್ದ ಹಾಗೇ ಅದೇ ಹಾರುತ್ತೆ."

"ಅದನ್ನ ಇಲ್ಲಿ ಒಂಟಿಯಾಗಿ ಬಿಡ್ಲಾ? ಮೊದಲು ಇದನ್ನ ತಗೋ" ಎಂದು ಮಾವ ಛತ್ರಿಯ ಹಿಡಿಯನ್ನು ಅವನ ಮುಖಕ್ಕೆ ಚಾಚಿದರು.

"ಬೇಡ ಮಾವ, ನೀವು ಮೊದಲು."

"ಹಿಡ್ಕೊಳ್ಳೋ ಅಂದ್ರೆ!"

"ಅಯ್ಯೋ ಮಾವ, ಅದನ್ನ ತಿರುಗಿಸಿ, ಕ್ಯಾಮೆರಾ ನನ್ನ ಕಡೆಗೇ..."

ಟ್ರಿಣ್ಣ್ಣ್!

ಕ್ಲಿಕ್ ಎಂದದ್ದು ಕೆಳಗೆ ನಿಂತ ನಮಗೂ ಕೇಳಿತು. ಫ್ಯಾನುಗಳು ಭರ್ರೆಂದು ತಿರುಗಿದವು. ಛತ್ರಿ ಮಾವನ ಕೈಯಿಂದ ಕಿತ್ತುಕೊಂಡು ಅಂಗಳದ ಮೇಲೆ ಒಂದು ದೊಡ್ಡ ಸುತ್ತು ಹೊಡೆಯಿತು. ಮೂರ್ಛೆ ತಿಳಿದು ಎದ್ದಿದ್ದ ರೇಡಿಯೋ ಅತ್ತೆ ಅದನ್ನು ಕಂಡು ಮತ್ತೆ ಮಲಗಿದರು. ಆಮೇಲೆ ಛತ್ರಿ ಸುಸ್ತಾದ ಹಾಗೆ ಮೆಲ್ಲಗೆ ಇಳಿದು ಪೇದೆಯ ತೋಳಲ್ಲಿ ಕೂತಿತು. ಅವನು, "ಹಿಡಿದೆ! ಹಿಡಿದೆ!" ಎಂದು ಕೂಗಿದ. ಏನನ್ನು ಹಿಡಿದೆ ಎನ್ನುವುದು ಅವನಿಗೂ ಗೊತ್ತಿರಲಿಲ್ಲ.

ಮಾವ ಇಳಿದು ಬಂದದ್ದಾಯಿತು, ಎಲ್ಲರೂ ಅವರನ್ನು ಮುಟ್ಟಿ ಮುಟ್ಟಿ ನೋಡಿದ್ದಾಯಿತು. ಪೇದೆಗೆ ಎರಡು ಮೂತಿಯ ಕೆಟಲಿನಲ್ಲಿ ಚಹಾ ಕೊಟ್ಟದ್ದರಿಂದ ಅವನು ಪ್ಯಾಂಟು ಒದರಿಕೊಳ್ಳುತ್ತಾ ಬೇಗನೆ ಹೊರಟ. ಅಷ್ಟರಲ್ಲಿ ನೆಂಟರಿಗೆಲ್ಲ ಮೊಣಕಾಲು, ಪರೀಕ್ಷೆ, ನೀರು ಒಂದೊಂದಾಗಿ ನೆನಪಾದವು. ಸಾಯದೆ ಇದ್ದದ್ದು ಮಾವನದೇ ತಪ್ಪು ಎನ್ನುವ ಹಾಗೆ ಮೂಗು ಮುರಿಯುತ್ತಾ ಒಬ್ಬೊಬ್ಬರೇ ಜಾರಿಕೊಂಡರು. "ಇನ್ನೊಂದು ತೆಗೀತೀನಿ, ಎರಡೇ ನಿಮಿಷ!" ಎಂದು ಐಡಿಯಾ ಗೇಟಿನವರೆಗೂ ಓಡಿದ. ಯಾರೂ ನಿಲ್ಲಲಿಲ್ಲ. ಚಿಕ್ಕಮಾವ ಮಾತ್ರ ಉಳಿದರು, ಆದರೆ ಅವರು ಏಣಿಯ ಒಂದು ಮೆಟ್ಟಿಲು ಯಾಕೆ ಸಡಿಲವಾಗಿದೆ ಎಂದು ಅಣ್ಣನ ಹತ್ತಿರ ಹೊಸದಾಗಿ ಬೈಸಿಕೊಳ್ಳುವುದರಲ್ಲಿ ಮಗ್ನರಾಗಿದ್ದರು.

ಐಡಿಯಾ ಬಾಗಿಲ ಮೆಟ್ಟಿಲ ಮೇಲೆ ಕೂತ. "ಹೋಯ್ತು ಭಾವ. ಈ ಸಲಾನೂ ಹೋಯ್ತು" ಎಂದ. ಟಾರ್ಚು ಇನ್ನೂ ನನ್ನ ಕೈಯಲ್ಲೇ ಉರಿಯುತ್ತಿತ್ತು. ಆರಿಸಿದೆ.

ಮುಂದಿನ ಭಾನುವಾರ ನಾನು ಹೋದಾಗ ಹಜಾರದ ಗೋಡೆಯ ನಡುವೆ ಹೊಸದೊಂದು ಫೋಟೋ ನೇತಾಡುತ್ತಿತ್ತು. ನಾನು ನಡುಮಧ್ಯೆ ನಿಂತಿದ್ದ ಹಳೆಯ ಫೋಟೋ ಕಿಟಕಿಯ ಪಕ್ಕಕ್ಕೆ ಸರಿದಿತ್ತು. ಹೊಸದರಲ್ಲಿ ಕಾಣುವುದು ಮುಖ್ಯವಾಗಿ ಒಂದು ಮೂಗು. ಅದರ ಮೇಲೆ ಗಾಬರಿಯಾದ ಎರಡು ಕಣ್ಣು, ಕೆಳಗೆ ತೆರೆದ ಬಾಯಿ, ಬಾಯೊಳಗಿನ ಹಲ್ಲನ್ನೂ ಎಣಿಸಬಹುದು. ಐಡಿಯಾ! ಒಂದು ಕಿವಿಯ ಹಿಂದೆ, ದೂರ ಕೆಳಗೆ, ಬಟಾಣಿಯಷ್ಟು ಗಾತ್ರಕ್ಕೆ ಇಡೀ ಕುಟುಂಬ ತಲೆಯೆತ್ತಿ ನೋಡುತ್ತಿದೆ. ನಾನು ಒಂದು ಬಟಾಣಿ. ಏಣಿಯ ಕಾಲು ಹಿಡಿದ ಚಿಕ್ಕಮಾವ ಇನ್ನೊಂದು. ಮಾವ ಮಾತ್ರ ಎಲ್ಲೂ ಇಲ್ಲ.

ರೇಡಿಯೋ ಅತ್ತೆಯೂ ಬಂದಿದ್ದರು. ಅವರು ಫೋಟೋದ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದರು. "ಥೂ, ಇದೂ ಒಂದು ಫೋಟೋನಾ! ಇವನ ಮೂಗಿನ ಹೊಳ್ಳೆ ಬಿಟ್ರೆ ಏನೂ ಕಾಣಲ್ಲ. ಯಜಮಾನನೇ ಇಲ್ಲ. ಮೂಲೇಲಿ ಯಾರದೋ ಬೆರಳು ಬೇರೆ ಬಂದು ಕೆಡಿಸಿದೆ. ತೆಗೀರಪ್ಪ ಇದನ್ನ."

ತೆಗೆ ಎಂದ ತಕ್ಷಣ ಐಡಿಯಾ ಅಭ್ಯಾಸಬಲದಿಂದ ಎದ್ದೇಬಿಟ್ಟ. ಫ್ಯಾನಿನ ಕುರ್ಚಿ ಎಳೆದು ಅದರ ಮೇಲೆ ಹತ್ತಿ, ತನ್ನದೇ ಮುಖಕ್ಕೆ ಕೈ ಹಾಕಿದ. ತಲೆಯ ಹತ್ತಿರವೇ ಫ್ಯಾನು ಗರ್ರ್ ಎಂದು ತಿರುಗತೊಡಗಿತು.

"ಇಳಿಯೋ ಕೆಳಗೆ" ಎಂದರು ಮಾವ. "ತೆಗೆಯೋದೇನಿದೆ? ಅದನ್ನ ತೆಗೆದವನೇ ನಾನು. ಆ ಬೆರಳು ನಂದು. ಇಷ್ಟು ವರ್ಷ ಅವನದಿತ್ತು, ಯಾರೂ ಕೇಳಲಿಲ್ಲ. ಈಗ ನಂದಿರಲಿ ಬಿಡಿ."